ಚಕ್ರ ಕಾಣುವಂತಿರಬೇಕು

ನಮ್ಮ ಮನೆಗೆ ಆರು ಚಕ್ರಗಳಿವೆ. ಮೂರು ವರ್ಷದಲ್ಲಿ ಅವು ಒಂದು ಗೇಣೂ ಉರುಳಿಲ್ಲ.

ಮೇಲೂರಿನಾಚೆ, ಹಿಪ್ಪುನೇರಳೆ ತೋಟದ ಬದಿಯಲ್ಲಿ ನಿಂತಿರುವ ಹಳೆಯ ಖಾಸಗಿ ಬಸ್ಸು ಅದು. ಒಂದು ಕಾಲಕ್ಕೆ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಓಡಾಡುತ್ತಿತ್ತು. ಓಡಿಸುತ್ತಿದ್ದವರು ನನ್ನ ಯಜಮಾನರೇ. ಮಾಲೀಕರು ರೂಟು ನಿಲ್ಲಿಸಿ ಬಸ್ಸನ್ನು ಗುಜರಿಗೆ ಹಾಕಲು ಹೊರಟಾಗ, ಸಾಕಿದ ಎತ್ತನ್ನು ಬಿಡಿಸಿಕೊಂಡು ಬರುವವರ ಹಾಗೆ ಇವರು ಹೋಗಿ ತಂದರು. "ಇದನ್ನ ತಂದು ಎಲ್ಲಿ ಕಟ್ಟಾಕ್ತೀರ?" ಎಂದು ಬೈದಿದ್ದೆ. ಮುಂದೆ ಅದರೊಳಗೆ ನಾನೇ ಕೂತು ಕಾಯಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ನನ್ನ ಯಜಮಾನರಿಗೂ ಅವರ ಅಣ್ಣನಿಗೂ, ಅಂದರೆ ನನ್ನ ಭಾವನಿಗೂ, ಜಮೀನಿನ ಪಾಲಿನ ಮೇಲೆ ಕೇಸು ನಡೆಯುತ್ತಿದೆ. ಹಳೆಯ ಮನೆ ಮತ್ತು ರೇಷ್ಮೆ ಹುಳು ಸಾಕುವ ಮನೆ ಭಾವನ ಕೈಯಲ್ಲಿವೆ; ರಸ್ತೆ ಕಡೆಯ ಖಾಲಿ ಜಾಗ ನಮ್ಮ ಕೈಯಲ್ಲಿದೆ. ತೀರ್ಪು ಬರುವವರೆಗೆ ಇದ್ದದ್ದು ಇದ್ದ ಹಾಗೇ ಇರಬೇಕು, ಯಾರೂ ಏನೂ ಕಟ್ಟಬಾರದು ಎಂದು ಕೋರ್ಟು ಹೇಳಿದೆ. ಮಾತಿಗೆ ಮಾತು ಬೆಳೆದು ನಾವು ಹಳೆಯ ಮನೆಯಿಂದ ಹೊರಬಿದ್ದಾಗ ನಮ್ಮ ವಕೀಲರೇ ದಾರಿ ತೋರಿಸಿದರು. "ಬಸ್ ಇದ್ಯಲ್ಲ, ಅದರಲ್ಲೇ ಇರಿ. ವಾಹನನ ಕಟ್ಟಡ ಅಂತ ಯಾರೂ ಅನ್ನೋ ಹಾಗಿಲ್ಲ. ಆದ್ರೆ ಚಕ್ರ ಕಾಣ್ತಿರ್ಬೇಕು. ಸುತ್ತ ಒಂದು ಇಟ್ಟಿಗೆ ಇಟ್ರೂ ಕೆಟ್ರಿ, ಜಾಗ ಬಿಟ್ಟು ಹೋದ್ರೂ ಕೆಟ್ರಿ" ಎಂದರು.

ಇವರು ಈಗ ಚಿಂತಾಮಣಿ ಮಾರುಕಟ್ಟೆಯಿಂದ ಟೊಮೆಟೊ ಲಾರಿ ಓಡಿಸುತ್ತಾರೆ. ವಾರಕ್ಕೆ ಎರಡು ಸಲ ಮನೆ ಸೇರಿದರೆ ಹೆಚ್ಚು. ಹೀಗಾಗಿ ಜಾಗ ಕಾಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೀಗ ಹಾಕಿಕೊಂಡು ಹೋಗಬಾರದೇ ಎಂದು ಕೇಳುವವರಿಗೆ ನಾನು ಮೊದಲ ವರ್ಷದ ಕಥೆ ಹೇಳುತ್ತೇನೆ. ಕಣ್ಣು ತೋರಿಸಲು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಹೋದವಳು ಸಂಜೆ ಬರುವಷ್ಟರಲ್ಲಿ, ನಮ್ಮ ಜಾಗದೊಳಗೆ ಹತ್ತು ಹೆಜ್ಜೆ ಒಳಕ್ಕೆ ನಾಲ್ಕು ಕಲ್ಲುಕಂಬಗಳು ನೆಟ್ಟಗೆ ನಿಂತಿದ್ದವು. ಭಾವ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಆ ಹತ್ತು ಹೆಜ್ಜೆ ಜಾಗವೂ ಈಗ ಕೇಸಿನೊಳಗೆ ಸೇರಿಕೊಂಡಿದೆ. ಅವತ್ತಿನಿಂದ ನಾನು ಹಾಲಿನ ಡೈರಿಗೆ ಹೋಗಿ ಬರುವ ಹೊತ್ತಿಗಿಂತ ಹೆಚ್ಚು ಬಸ್ಸು ಬಿಟ್ಟವಳಲ್ಲ. ನೆಂಟರ ಮದುವೆಗಳು ಫೋನಿನಲ್ಲಿ ಮುಗಿದವು. ಬಸ್ಸಿನ ಕಿಟಕಿಗೆ ಅಡ್ಡಲಾಗಿ ಮೂರು ಕಂಬಿಗಳಿವೆ. ಅವುಗಳ ಸಂದಿಯಲ್ಲಿ ರಸ್ತೆಯ ಮೇಲೆ ಓಡುವ ಬಸ್ಸುಗಳನ್ನು ನೋಡುತ್ತಾ, ಜೈಲಿನಲ್ಲಿರುವವರಿಗಾದರೂ ಬಿಡುಗಡೆಯ ತಾರೀಕು ಗೊತ್ತಿರುತ್ತದೆ ಎಂದು ಎಷ್ಟೋ ಸಲ ಗೊಣಗಿದ್ದೇನೆ.

ವ್ಯಾಜ್ಯದ ಜಾಗವಾದ್ದರಿಂದ ಕರೆಂಟಿನ ಸಂಪರ್ಕವೂ ಸಿಗಲಿಲ್ಲ. ಹೆಚ್ಚುಕಡಿಮೆ ಮೂರು ವರ್ಷ ಚಾರ್ಜರ್ ಲೈಟಿನಲ್ಲೇ ಕಳೆದೆವು. ಪಕ್ಕದ ಹೋಟೆಲಿನಲ್ಲಿ ಅದಕ್ಕೆ ಚಾರ್ಜು ಹಾಕಿಸಿಕೊಂಡು ಬರುವುದು ಅಭ್ಯಾಸವಾಗಿಬಿಟ್ಟಿತ್ತು. ಮಗಳು ಬಸುರಿಯಾಗದಿದ್ದರೆ ಬಹುಶಃ ಇನ್ನೂ ಹಾಗೇ ಇರುತ್ತಿದ್ದೆವೋ ಏನೋ.

ಮಗಳನ್ನು ಮಂಚೇನಹಳ್ಳಿಗೆ ಕೊಟ್ಟಿದ್ದೇವೆ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ನಮ್ಮಲ್ಲಿ ಇದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಆದರೆ ಬೀಗರು ಹೇಳಿ ಕಳುಹಿಸಿದರು. ಬಳೆ ತೊಡಿಸುವ ಶಾಸ್ತ್ರ ಮುಗಿದ ಮೇಲೆ ಬೀಗಿತ್ತಿಯೇ ಫೋನು ಮಾಡಿ, "ಬೇಜಾರ್ ಮಾಡ್ಕೋಬೇಡಿ ಅಕ್ಕ. ಬಾಣಂತಿ ಕೋಣೇಲಿ ದೀಪ ಆರಬಾರದು ಅಂತಾರೆ. ನಿಮ್ಮಲ್ಲಿ ಕರೆಂಟೇ ಇಲ್ಲ. ಹೆಂಗ್ ಕಳಿಸಲಿ?" ಎಂದರು. ಮಾತು ಮೆತ್ತಗಿತ್ತು, ತಪ್ಪೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಚುಚ್ಚಿತು. "ಒಂದು ತಿಂಗ್ಳು ಟೈಮ್ ಕೊಡಿ. ಬಂದು ನೋಡಿ, ಆಮೇಲೆ ಹೇಳಿ" ಎಂದುಬಿಟ್ಟೆ.

ನಾನು ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣವಿದೆ. ನನ್ನ ಅಪ್ಪನದು ಚಿಂತಾಮಣಿಯಲ್ಲಿ ಪಂಪಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ತಾಮ್ರದ ತಂತಿ ಸುತ್ತುತ್ತಲೇ ಬೆಳೆದೆ; ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದಾಗ ಇಡೀ ತರಗತಿಗೆ ನಾನೊಬ್ಬಳೇ ಹೆಣ್ಣು. "ಕರೆಂಟುಕಿ ಮೊಹಮಾಟಂ ಲೇದಮ್ಮಾ" ಎನ್ನುತ್ತಿದ್ದರು ಅಪ್ಪ, ತೆಲುಗಿನಲ್ಲಿ. ಕರೆಂಟಿಗೆ ದಾಕ್ಷಿಣ್ಯವಿಲ್ಲ, ನೀನು ತಪ್ಪು ಮಾಡಿದರೆ ಮುಲಾಜಿಲ್ಲದೆ ತೋರಿಸಿಕೊಡುತ್ತದೆ ಎಂದು ಅರ್ಥ. ಮದುವೆಯಾಗಿ ಈ ಜಮೀನಿನ ಮನೆಗೆ ಬಂದ ಮೇಲೆ ಟೆಸ್ಟರನ್ನು ಸೀರೆಯ ಮಡಿಕೆಯಲ್ಲಿ ಇಟ್ಟವಳು ಹೊರತೆಗೆದದ್ದೇ ಅವತ್ತು.

ಚಿಂತಾಮಣಿ ಕಡೆ ಒಬ್ಬರು ತೋಟದ ಸೋಲಾರ್ ಪಂಪು ತೆಗೆದುಹಾಕಿದ್ದರು. ಅವರ ನಾಲ್ಕು ಹಳೆಯ ಪ್ಯಾನೆಲ್ಲುಗಳನ್ನು ಇವರು ಟೊಮೆಟೊ ಕ್ರೇಟುಗಳ ಮೇಲೆ ಹೇರಿಕೊಂಡು ಬಂದರು. ಸಾಮಾನ್ಯವಾಗಿ ಇಂಥವನ್ನು ನೆಲದಲ್ಲಿ ಕಂಬ ನೆಟ್ಟು ನಿಲ್ಲಿಸುತ್ತಾರೆ. ನಮಗೆ ಕಂಬ ನೆಡುವಂತಿಲ್ಲ. ಕಂಬವೆಂದರೆ ಕಟ್ಟಡ, ಕಟ್ಟಡವೆಂದರೆ ಕೋರ್ಟು. ಹಾಗಾಗಿ ಬಸ್ಸಿನ ಟಾಪಿನ ಮೇಲೆ, ಹಿಂದೆ ರೇಷ್ಮೆಗೂಡಿನ ಮೂಟೆ ಹಾಕುತ್ತಿದ್ದ ಕ್ಯಾರಿಯರಿನ ಪೈಪಿಗೇ ಕ್ಲಾಂಪು ಹಾಕಿ ಬೋಲ್ಟು ಬಿಗಿದೆ. ಬಸ್ಸಿನ ಹಣೆಯ ಮೇಲಿದ್ದ ಊರ ಹೆಸರಿನ ಬೋರ್ಡಿಗೆ ದೀಪದ ವೈರು ಹೋಗುತ್ತಿದ್ದ ತೂತಿನಿಂದಲೇ ಪ್ಯಾನೆಲ್ಲಿನ ವೈರನ್ನು ಒಳಗಿನ ಕಂಟ್ರೋಲರ್, ಬ್ಯಾಟರಿ, ಇನ್ವರ್ಟರಿಗೆ ಇಳಿಸಿ, ಸುತ್ತ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ತುರುಕಿದೆ. ನಾನು ಟಾಪು ಹತ್ತಿದಾಗಲೆಲ್ಲ ಭಾವ ಜಗಲಿಯಿಂದ ಇಳಿದು ಬಂದು, ಕಲ್ಲುಕಂಬದ ಆಚೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ಒಂದು ದಿನ ತಡೆಯಲಾಗದೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತು, "ಚೆನ್ನಾಗ್ ಬಂತಾ ಭಾವ?" ಎಂದು ಕೂಗಿದೆ. ಅವರು ಮುಖ ತಿರುಗಿಸಿಕೊಂಡು ಹೋದರು. ಆ ಹೊತ್ತಿಗೆ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಹುಳುವಿನ ಮನೆಯ ಬಾಗಿಲಲ್ಲಿ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದರು. ನಕ್ಕರೋ ಇಲ್ಲವೋ ಅಷ್ಟು ದೂರಕ್ಕೆ ಕಾಣಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಅರ್ಥಿಂಗು. ಮನೆಯಾದರೆ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ತಂತಿ ಇಳಿಸುತ್ತೇವೆ. ಬಸ್ಸು ರಬ್ಬರಿನ ಮೇಲೆ ನಿಂತಿದೆ, ನೆಲದ ಸಂಬಂಧವೇ ಇಲ್ಲ. ಗುಂಡಿ ತೋಡೋಣವೆಂದರೆ ವಕೀಲರು ಬೆಚ್ಚಿಬಿದ್ದರು. ಕೊನೆಗೆ ಹಿಂದಿನ ಚಕ್ರದ ಮರೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಕಬ್ಬಿಣದ ಸರಳೊಂದನ್ನು ಸದ್ದಾಗದಂತೆ ಗೋಣಿಚೀಲ ಸುತ್ತಿ ಬಡಿದು ಇಳಿಸಿದೆ. ಸ್ವಂತ ಜಾಗದಲ್ಲಿ ಕಳ್ಳಿಯ ಹಾಗೆ ಮಲಗಿದ್ದಾಗ ಕಣ್ಣಲ್ಲಿ ನೀರು ಬಂತು. ಮಣ್ಣು ಬಿದ್ದದ್ದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾಲ್ಕು ಪ್ಯಾನೆಲ್ಲನ್ನೂ ಒಂದರ ಬಾಲಕ್ಕೆ ಇನ್ನೊಂದರ ತಲೆ ಕೊಟ್ಟು ಒಂದೇ ಸಾಲಾಗಿ ಜೋಡಿಸಿದೆ. ಹಾಗೆ ಮಾಡಿದರೆ ದಪ್ಪ ವೈರು ಬೇಕಿಲ್ಲ, ನನ್ನ ಹತ್ತಿರ ಇದ್ದದ್ದೇ ಸಾಕಾಗುತ್ತಿತ್ತು. ಆದರೆ ಹಳೆಯ ಪ್ಯಾನೆಲ್ಲುಗಳು; ಸಾಲಿನಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಉಳಿದ ಮೂರೂ ಮಲಗಿಬಿಡುತ್ತವೆ ಎಂದು ನನಗೆ ಗೊತ್ತಿತ್ತು. ಬಟಾಬಯಲು, ಇಲ್ಲಿ ಎಲ್ಲಿಯ ನೆರಳು ಎಂದುಕೊಂಡೆ. ದಿನಾ ಬೆಳಿಗ್ಗೆ ಏಣಿ ಹತ್ತಿ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದೆ. ರಸ್ತೆಯ ಧೂಳು ಒಂದು ಕಣವೂ ನಿಲ್ಲದಂತೆ, ದೇವರ ಸಾಮಾನು ತೊಳೆದ ಹಾಗೆ.

ಹಿಂಬದಿಯ ಸೀಟುಗಳಿದ್ದ ಜಾಗಕ್ಕೆ ಪ್ಲೈವುಡ್ ಅಡ್ಡ ಕೊಟ್ಟು ಬಾಣಂತಿಯ ಕೋಣೆ ಮಾಡಿದೆ. ಗಾಳಿ ಹೊಡೆಯಬಾರದೆಂದು ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟೆ. ಒಂದು ಬಲ್ಬು, ಒಂದು ಫ್ಯಾನು, ತೊಟ್ಟಿಲಿಗೆ ಮೇಲಿನ ಕಂಬಿಯಿಂದ ಎರಡು ಕೊಕ್ಕೆ. ಒಣಶುಂಠಿ, ಮೆಣಸು, ಓಂಕಾಳು ಹುರಿದು ಪುಡಿ ಮಾಡಿ ಡಬ್ಬಿಗೆ ಹಾಕಿದೆ. ಒಂದೇ ಕೊರತೆ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹಿರಿಯರು ಉಟ್ಟು ಸವೆಸಿದ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಬೇಕು. ನನ್ನ ಮಗಳನ್ನು ನಮ್ಮ ಅತ್ತೆಯ ಸೀರೆಯಲ್ಲೇ ಸುತ್ತಿದ್ದು. ಅತ್ತೆ ತೀರಿಕೊಂಡ ಮೇಲೆ ಅವರ ಸೀರೆಗಳ ಟ್ರಂಕು ಹಳೆಯ ಮನೆಯಲ್ಲಿ ಓರಗಿತ್ತಿಯ ಹತ್ತಿರವೇ ಉಳಿಯಿತು. ಕೇಳಿದರೆ ಕೊಡುತ್ತಿದ್ದರೋ ಏನೋ, ಮೂರು ವರ್ಷದಿಂದ ಮಾತು ಬಿಟ್ಟವರನ್ನು ಕೇಳಲು ನನ್ನ ಬಾಯಿ ಏಳಲಿಲ್ಲ. ಪ್ರಾಣ ಹೋದರೂ ಕೇಳೆನೆಂದು ಹಟ ಹಿಡಿದೆ.

ಬೀಗರು ಬರುವ ಹಿಂದಿನ ದಿನ ಮೋಡ ಮುಚ್ಚಿತ್ತು. ಅವತ್ತು ಸಾಯಂಕಾಲ ಎಲ್ಲಾ ಸರಿಯಿದೆಯೇ ಎಂದು ಪರೀಕ್ಷಿಸುವ ಹುಚ್ಚಿನಲ್ಲಿ ಲೈಟು ಫ್ಯಾನು ಎರಡನ್ನೂ ರಾತ್ರಿಯಿಡೀ ಹಾಕಿಟ್ಟೆ. ಬೆಳಿಗ್ಗೆ ಎದ್ದು ಒಬ್ಬಟ್ಟಿನ ಹೂರಣಕ್ಕೆ ಮಿಕ್ಸಿ ಬೇರೆ ಓಡಿಸಿದೆ. ಬ್ಯಾಟರಿ ಇಳಿದದ್ದು ಗೊತ್ತಿತ್ತು. ಹೊರಗೆ ಝಗಝಗ ಬಿಸಿಲಿತ್ತಲ್ಲ, ತುಂಬಿಕೊಳ್ಳುತ್ತದೆಂದು ನಿಶ್ಚಿಂತೆಯಾಗಿ ಗಾಜು ಒರೆಸಿ ಡೈರಿಗೆ ಹೋದೆ. ಬಂದವಳಿಗೆ ಅಡುಗೆಯ ಗಡಿಬಿಡಿ. ಮತ್ತೆ ಏಣಿಯ ಕಡೆ ತಲೆ ಹಾಕಲಿಲ್ಲ.

ಹನ್ನೊಂದರ ಹೊತ್ತಿಗೆ ಬೀಗಿತ್ತಿ, ಅಳಿಯ, ಮಗಳು ಮೂವರೂ ಕಾರಿನಲ್ಲಿ ಬಂದರು. ಮಗಳು ಹೊಟ್ಟೆ ಹೊತ್ತುಕೊಂಡು ಫುಟ್‌ಬೋರ್ಡು ಹತ್ತುವಾಗ ನಾನು ಕೈ ಕೊಟ್ಟೆ. ಬೀಗಿತ್ತಿ ಸುತ್ತ ನೋಡಿ, ನನ್ನ ಯಜಮಾನರು ತೆಗೆಯಲು ಬಿಡದ ಹಳೆಯ ಎರಡು ಸೀಟುಗಳಲ್ಲಿ ಒಂದರ ಮೇಲೆ ಕೂತರು. ತಲೆಯ ಮೇಲೆ 'ಮಹಿಳೆಯರಿಗೆ' ಎಂದು ಬರೆದಿದ್ದನ್ನು ಓದಿ ನಕ್ಕರು. ನನಗೂ ಧೈರ್ಯ ಬಂತು. ಕೋಣೆ ತೋರಿಸಿದೆ. ಬಲ್ಬು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಮಗಳು ಮಂಚದ ಮೇಲೆ ಕೂತು ಕಾಲು ನೀಡಿ, "ಅಮ್ಮ, ನಂಗೆ ಇಷ್ಟು ಸಾಕು. ನಾನು ಇವತ್ತೇ ಇಲ್ಲೇ ಉಳ್ಕೋತೀನಿ" ಎಂದಳು. ಬೀಗಿತ್ತಿ ತೊಟ್ಟಿಲ ಕೊಕ್ಕೆ ಎಳೆದು ನೋಡಿ, "ಗಟ್ಟಿಯಾಗೇ ಹಾಕಿದೀರ" ಎಂದರು.

ಅಷ್ಟರಲ್ಲಿ ಇನ್ವರ್ಟರ್ ಕುಂಯ್ ಎಂದಿತು. ಕುಂಯ್, ಕುಂಯ್, ಕುಂಯ್. ಬಲ್ಬು ಆರಿತು. ಫ್ಯಾನು ನಿಧಾನವಾಗಿ ನಿಂತಿತು. ದಪ್ಪ ಪರದೆ ಬಿಟ್ಟ ಕೋಣೆಯಲ್ಲಿ ಮಟಮಟ ಮಧ್ಯಾಹ್ನದಲ್ಲೇ ಕತ್ತಲಾಯಿತು.

ನಾನು ಸ್ವಿಚ್ಚು ಹಾಕಿದೆ, ತೆಗೆದೆ, ಫ್ಯೂಸು ನೋಡಿದೆ, ಕಂಟ್ರೋಲರಿನ ಮುಖ ನೋಡಿದೆ. ಮೇಲಿಂದ ಏನೂ ಬರುತ್ತಿಲ್ಲ ಎಂದು ಅದು ತೋರಿಸುತ್ತಿತ್ತು. ಅಂಥ ಬಿಸಿಲಲ್ಲಿ ಸೊನ್ನೆ. ಬೀಗಿತ್ತಿ ಎದ್ದು ನನ್ನ ಭುಜ ಮುಟ್ಟಿದರು. "ನಿಮ್ ಮೇಲೆ ನಂಗೆ ಎಳ್ಳಷ್ಟೂ ಬೇಜಾರಿಲ್ಲ ಅಕ್ಕ. ಆದ್ರೆ ಮೊದಲ್ನೇ ಮಗು. ನನ್ ಕಣ್ಮುಂದೇನೇ ದೀಪ ಆರ್ತಲ್ಲ, ಇನ್ ಹೆಂಗ್ ಬಿಟ್ಟೋಗ್ಲಿ? ನೀವೇ ನಮ್ಮನೇಗೆ ಬಂದ್ಬಿಡಿ, ಅಲ್ಲೇ ಬಾಣಂತನ ಮಾಡಿ" ಎಂದರು. ಅವರು ಅಷ್ಟು ಒಳ್ಳೆಯ ಮಾತಾಡಬಾರದಿತ್ತು. ನಾನು ಬರುವಂತಿಲ್ಲವೆಂದು ಅವರಿಗೂ ಗೊತ್ತಿತ್ತು. ಒಬ್ಬಟ್ಟು ತಿಂದು, ಕುಂಕುಮ ಇಡಿಸಿಕೊಂಡು ಹೊರಟರು. ಮಗಳು ಕಾರಿನ ಗಾಜು ಇಳಿಸಿ ನನ್ನನ್ನೇ ನೋಡುತ್ತಿದ್ದಳು. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಬೀಗರ ಮುಂದೆ ಅಳಬಾರದೆಂದು ನಾನೇ ಕಲಿಸಿದ್ದು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಏಣಿ ಹತ್ತಿದೆ. ಮೊದಲೆರಡು ಪ್ಯಾನೆಲ್ಲುಗಳ ಮೇಲೆ ಯಾರೋ ಬಟ್ಟೆಯ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟಿದ್ದರು. ಫೋಟೊ ತೆಗೆದು ಸಾಲದೆ ಹೀಗೂ ಮಾಡಿದರಲ್ಲ, ಒಂದು ಬಸುರಿ ಹೆಂಗಸಿನ ಬಾಳಿನ ಮೇಲೆ! ಎರಡು ತುಂಡುಗಳನ್ನು ಬಾಚಿಕೊಂಡು ಇಳಿದು, ಮೂರು ವರ್ಷದಲ್ಲಿ ಮೊದಲ ಸಲ ಆ ಕಲ್ಲುಕಂಬಗಳ ಸಾಲನ್ನು ದಾಟಿದೆ. ಭಾವ ಮನೆಯಲ್ಲಿರಲಿಲ್ಲ. ಓರಗಿತ್ತಿ ಹುಳುವಿಗೆ ಸೊಪ್ಪು ಹಾಕುತ್ತಿದ್ದರು.

"ನಿಮ್ ಹೊಟ್ಟೆ ತಣ್ಣಗಾಯ್ತಾ ಅಕ್ಕ? ಕರ್ಕೊಂಡ್ ಹೋದ್ರು ನನ್ ಮಗಳನ್ನ" ಎಂದು ಕಿರುಚಿದೆ.

ಅವರು ಸೊಪ್ಪು ಕೆಳಗಿಟ್ಟರು. ಅರ್ಥವಾಗದೆ ನನ್ನ ಕೈಯನ್ನೇ ನೋಡಿದರು. "ಒಣಗಿತ್ತಾ?" ಎಂದರು.

ನಾನೂ ಆಗಲೇ ನೋಡಿದ್ದು. ಹಸಿರು ಕಟ್ಟಿನ ಅಂಚು, ಬಣ್ಣ ಹೋಗಿ ಬೂದಿಯಾದ ಒಡಲು. ಅತ್ತೆಯ ಸೀರೆ. ಚೌಕ ಚೌಕವಾಗಿ ಕತ್ತರಿಸಿ, ದಾರ ಬಿಡದಂತೆ ಪ್ರತಿಯೊಂದರ ಅಂಚನ್ನೂ ಮಡಿಸಿ, ಕೈಯಲ್ಲೇ ಹೊಲಿದಿದ್ದರು. ಹಾಳು ಮಾಡಬೇಕೆಂದವರು ಇಷ್ಟು ಸಣ್ಣ ಹೊಲಿಗೆ ಹಾಕುವುದಿಲ್ಲ.

"ಬೀಗ್ರು ಬರ್ತಾರೆ ಅಂತ ಡೈರಿ ಹತ್ರ ಹೇಳ್ತಿದ್ರು" ಎಂದರು ಅವರು. "ಕೈಯಲ್ಲಿ ಕೊಡೋಣ ಅಂದ್ರೆ ನಿಮ್ ಭಾವ ನೋಡ್ಬಿಟ್ರೆ ಅಂತ... ನೀನು ಹಾಲಿಗೆ ಹೋದಾಗ ಹತ್ತಿ ಹಾಕ್ಬಂದೆ. ನಮ್ ಅಂಗಳದಲ್ಲಿ ಹುಣಸೆ ಮರದ ನೆರಳು, ಬಿಸಿಲೇ ಬೀಳಲ್ಲ. ನೀನು ದಿನಾ ಆ ಗಾಜು ಒರೆಸ್ತೀಯಲ್ಲ, ಇಲ್ಲಿಂದ ನೋಡ್ತಿರ್ತೀನಿ. ಎಳೇ ಕೂಸಿನ ಬಟ್ಟೆ, ಅದಕ್ಕಿಂತ ಮಡಿಯಾದ ಜಾಗ ಎಲ್ಲಿದೆ ಅಂತ ಅಲ್ಲೇ ಹಾಕ್ದೆ. ಯಾಕೆ, ಏನಾಯ್ತು?"

ಹೇಳಿದೆ. ಹೇಳುತ್ತಾ ಹೋದ ಹಾಗೆ ಅವರ ಮುಖ ಬಿಳಿಚಿತು. ಹುಳುವಿನ ತಟ್ಟೆಗಳ ನಡುವೆ ನೆಲದ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡರು. ನಾನು ಒಂದು ಸಮಾಧಾನದ ಮಾತನ್ನೂ ಆಡದೆ ತಿರುಗಿ ಬಂದೆ. ನಾಲ್ಕನ್ನೂ ಒಂದೇ ಸಾಲಿಗೆ ಕಟ್ಟಿದವಳು ನಾನು, ಅದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆ ಸಣ್ಣತನ ಈಗಲೂ ನನ್ನನ್ನು ಕಾಡುತ್ತದೆ.

ಮರುದಿನವೇ ವೈರು ಬಿಚ್ಚಿ, ಎರಡೆರಡು ಬೇರೆಯಾಗಿ ಜೋಡಿಸಿದೆ. ಬೆಳಕು ಚೆನ್ನಾಗಿ ಬಂತು. ಖಾಲಿ ಕೋಣೆಯಲ್ಲಿ ಬಲ್ಬು ಉರಿಯುವುದನ್ನು ನೋಡಲಾಗದೆ ಆರಿಸಿಬಿಡುತ್ತಿದ್ದೆ.

ಐದು ವಾರದ ಮೇಲೆ, ಒಂದು ಬೆಳಿಗ್ಗೆ ಅಳಿಯ ಫೋನು ಮಾಡಿದರು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ, ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಾರಂತೆ. ನನ್ನ ಯಜಮಾನರ ಲಾರಿ ಆಂಧ್ರ ದಾಟಿ ಹೋಗಿತ್ತು, ಬರಲು ಇನ್ನೂ ನಾಲ್ಕು ದಿನ. ನಾನು ಫುಟ್‌ಬೋರ್ಡಿನ ಮೇಲೆ ಕೂತೆ. ಮೊಮ್ಮಗಳು ಹುಟ್ಟಿದ್ದಾಳೆ, ನಾನು ಆರು ಚಕ್ರಗಳಿಗೆ ಕಾವಲು ಕೂತಿದ್ದೇನೆ. ಎದ್ದು ಆ ಟೈರುಗಳನ್ನು ಒದೆಯಬೇಕೆನಿಸಿತು. ಒದ್ದೂ ಒದ್ದೆ.

ಓರಗಿತ್ತಿ ಕಲ್ಲುಕಂಬದ ಹತ್ತಿರ ನಿಂತಿದ್ದರು. ಯಾವಾಗ ಬಂದರೋ. "ಏನ್ ಮಗು?" ಎಂದರು.

"ಹೆಣ್ಣು."

ಅವರು ಕಂಬ ದಾಟಿ ಬಂದು, ನನ್ನ ಪಕ್ಕದಲ್ಲೇ ಕೂತರು. "ನೀನು ಹೋಗು. ನಾನಿಲ್ಲಿ ಇರ್ತೀನಿ."

ಮೂರು ವರ್ಷದಿಂದ ನಾನು ಜಾಗ ಕಾಯುತ್ತಿದ್ದದ್ದು ಯಾರಿಂದ? ಈ ಓರಗಿತ್ತಿಯ ಮನೆಯವರಿಂದಲೇ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. "ಭಾವ ಬಂದು ಬೇಲಿ ಹಾಕ್ಸಿದ್ರೆ?"

"ನಾನ್ ಒಳಗ್ ಕೂತಿದ್ರೆ ನನ್ ಮೇಲೆ ಹಾಕಿಸ್ತಾರೇನೇ ಬೇಲಿ?" ಎಂದರು. "ಹಾಕ್ಸಿದ್ರೆ ಹಾಕಿಸ್ಲಿ. ಹುಳಕ್ಕೆ ಸೊಪ್ಪು ಅವರೇ ಹಾಕ್ಲಿ, ಅನ್ನಾನೂ ಅವರೇ ಬೇಯಿಸ್ಕೊಳ್ಳಲಿ. ಎಷ್ಟ್ ದಿನ ಆಟ ಆಡ್ತಾರೋ ನೋಡೇಬಿಡೋಣ."

ಆ ಮಾತನ್ನು ನಂಬಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನಂಬಲಿಲ್ಲ. ಆದರೂ ಬೀಗದ ಕೈ ಕೊಟ್ಟೆ. ಇನ್ವರ್ಟರ್ ಸ್ವಿಚ್ಚು ತೋರಿಸಿದೆ. ನಾನು ಬಾಯಿ ಬಿಡುವ ಮೊದಲೇ ಅವರು, "ಮೇಲೆ ಏನೂ ಒಣಗಾಕಲ್ಲ ಕಣೇ, ತಾಯಿ" ಎಂದರು. ಇಬ್ಬರೂ ನಕ್ಕೆವು, ನಗು ಪೂರ್ತಿ ಬರಲಿಲ್ಲ. ಬಾಣಂತಿ ಖಾರದ ಡಬ್ಬಿ, ಎರಡು ಸೀರೆ, ಅತ್ತೆಯ ಸೀರೆಯ ಚೌಕಗಳು ಇಷ್ಟನ್ನು ಗಂಟು ಕಟ್ಟಿಕೊಂಡು ರಸ್ತೆಗೆ ಬಂದೆ.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ, ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು ಹಿಡಿದೆ. ಕಿಟಕಿಯಾಚೆ ಮರಗಳು ಹಿಂದಕ್ಕೆ ಓಡುವುದನ್ನು ಕಂಡು ತಲೆ ತಿರುಗಿತು. ಬಸ್ಸಿನೊಳಗೆ ಕೂತಾಗ ಹೊರಗಿನದು ಅಲುಗಾಡುವುದು ನನ್ನ ಕಣ್ಣಿಗೆ ಮರೆತೇಹೋಗಿತ್ತು. ದಾರಿಯುದ್ದಕ್ಕೂ ಖುಷಿಯಾಗಲಿಲ್ಲ. ಕಲ್ಲು ಇಳಿಸುತ್ತಿದ್ದಾರೆ, ಗುಂಡಿ ತೋಡುತ್ತಿದ್ದಾರೆ, ನಾನು ಕೆಟ್ಟೆ ಎಂದೇ ಅಂದುಕೊಳ್ಳುತ್ತಿದ್ದೆ. ಮಂಚೇನಹಳ್ಳಿಯಲ್ಲಿ ಇಳಿಯುವಾಗಲೂ ಎದುರು ಬರುವ ಬಸ್ಸು ಹತ್ತಿ ವಾಪಸು ಹೋಗಿಬಿಡಲೇ ಎಂದು ಒಂದು ಗಳಿಗೆ ನಿಂತಿದ್ದೆ.

ಆಸ್ಪತ್ರೆಯಲ್ಲಿ ಮಗಳು ಮಲಗಿದ್ದಳು. ಬೀಗಿತ್ತಿ ಎದ್ದು ಜಾಗ ಬಿಟ್ಟರು. ನಾನು ಕೈ ತೊಳೆದು, ಗಂಟು ಬಿಚ್ಚಿ, ಮಗುವನ್ನು ಅತ್ತೆಯ ಸೀರೆಯಲ್ಲಿ ಸುತ್ತಿದೆ. ಮಗಳು ಆ ಹಸಿರು ಅಂಚನ್ನು ಗುರುತು ಹಿಡಿದು ಮುಟ್ಟಿದಳು. ಆಮೇಲೆ ಥಟ್ಟನೆ ಏನೋ ನೆನಪಾದವಳಂತೆ ಗಾಬರಿಯಾಗಿ ಕೇಳಿದಳು.

"ಅಮ್ಮ, ಅಪ್ಪ ಊರಲ್ಲಿಲ್ವಲ್ಲ. ಬಸ್ಸಲ್ಲಿ ಯಾರಿದಾರೆ?"

"ದೊಡ್ಡಮ್ಮ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಬೀಗರ ಮುಂದೆ ಅಳಬಾರದೆಂದು ಕಲಿಸಿದ್ದು ಇಬ್ಬರಿಗೂ ಮರೆತುಹೋಯಿತು.